ಜೊತೆಗೆ ಹೋದವರು

ಹೋದ ವಾರ ವಿಜಯನಗರದ ಮಾರ್ಕೆಟ್ಟಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ತಳ್ಳುಗಾಡಿಯಿಂದ ಅವರೆಕಾಯಿಯ ಸೊಗಡು ಬಂತು. ಆ ಜಿಡ್ಡು ಜಿಡ್ಡಾದ ಹಸಿ ವಾಸನೆಗೆ ನನಗೆ ನೆನಪಾದದ್ದು ಸಾರಲ್ಲ, ಒಂದು ನೀಲಿ ಬಕೆಟ್ಟು. ನೀಲಿಯೋ ಹಸಿರೋ, ಪ್ರಮಾಣ ಮಾಡಿ ಹೇಳಲಾರೆ. ನನ್ನ ನೆನಪು ತನಗೆ ಬೇಕಾದ ಬಣ್ಣ ಹಚ್ಚಿಕೊಳ್ಳುತ್ತದೆ ಎಂಬುದು ಈಚೆಗೆ ಗೊತ್ತಾಗಿದೆ. ಆ ಬಕೆಟ್ಟು ಹಿಡಿದು ಮಂಡಿನೋವಿನಲ್ಲೇ ಮಹಡಿ ಹತ್ತಿ ಬಂದವರು ಮಾತ್ರ ಓನರ್ ಆಂಟಿ. ಅದರಲ್ಲಿ ಅನುಮಾನವಿಲ್ಲ.

ಆಗ ನಾನು ಜ್ಞಾನಭಾರತಿಯಲ್ಲಿ ಎಂ.ಎ. ಓದುತ್ತಿದ್ದೆ. ಬಸವೇಶ್ವರನಗರದ ಅವರ ಮನೆಯ ಮೇಲಿದ್ದ ಒಂಟಿ ರೂಮಿನಲ್ಲಿ ಬಾಡಿಗೆಗಿದ್ದೆ. ಓದುತ್ತಿದ್ದೆ ಎನ್ನುವುದು ಪೂರ್ತಿ ನಿಜವಲ್ಲ. ದಸರಾ ರಜೆ ಮುಗಿದ ಮೇಲೆ ಕ್ಲಾಸಿಗೆ ಹೋಗುವುದು ನಿಂತಿತ್ತು. ಕಾರಣ ಕೇಳಿದರೆ ನನಗೇ ಗೊತ್ತಿರಲಿಲ್ಲ. ಯಾರೂ ಸತ್ತಿರಲಿಲ್ಲ, ಯಾರೂ ಕೈಕೊಟ್ಟಿರಲಿಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುವುದೇ ಬೆಟ್ಟ ಹತ್ತಿದಂತಾಗುತ್ತಿತ್ತು, ಅಷ್ಟೇ. ತುಮಕೂರಿನಿಂದ ಅಮ್ಮ ಫೋನ್ ಮಾಡಿದರೆ ಓದೋಕೆ ರಜ ಕೊಟ್ಟಿದ್ದಾರೆ ಎನ್ನುತ್ತಿದ್ದೆ...

"ಏನೇ, ಬದುಕಿದೀಯೇನೇ?" ಎಂದು ಬಾಗಿಲು ತಟ್ಟಿದರು ಆಂಟಿ. "ನನ್ನ ಬೆರಳು ಮಾತು ಕೇಳ್ತಿಲ್ಲ. ಒಂದು ಬಕೆಟ್ ನೆನೆಸಿಬಿಟ್ಟಿದೀನಿ. ಬಾ, ಹಿತಕು."

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನೆನೆದ ಅವರೆಕಾಳನ್ನು ಬೆರಳುಗಳ ನಡುವೆ ಒತ್ತಿ, ಸಿಪ್ಪೆಯಿಂದ ಬೇಳೆ ಹಾರಿಸುವ ಕೆಲಸ. ಒಬ್ಬರೇ ಕೂತು ಮಾಡಿದರೆ ಮುಗಿಯುವುದೇ ಇಲ್ಲ. ಇಬ್ಬರು ಕೂತರೆ ಮಾತು ಬೇಕೆನಿಸುತ್ತದೆ, ಬೇಡವಾದರೂ ನಡೆಯುತ್ತದೆ. ಮುಖ ನೋಡಬೇಕಾಗಿಲ್ಲ, ಕಣ್ಣು ಪಾತ್ರೆಯ ಮೇಲಿದ್ದರಾಯಿತು. ತಲೆ ಕೂಡ ಬಾಚದೆ ಕೆಳಗಿಳಿದು ಅವರ ಜಗಲಿಯ ಮೇಲೆ ಕೂತೆ.

ಎದುರುಮನೆಯ ಆಂಟಿ ಗೇಟಿನಾಚೆಯಿಂದಲೇ ಶುರು ಮಾಡಿದರು. "ಎಂ.ಎ. ಓದೋ ಹುಡುಗೀನ ಹಿಡ್ಕೊಂಡು ಬೇಳೆ ಹಿತಕಿಸ್ತಿದೀರಲ್ರೀ, ಪಾಪ!"

"ಓದಿ ಓದಿ ತಲೆ ಕಾದಿದೆ ಕಣ್ರೀ. ಕೈ ನೀರಲ್ಲಿದ್ರೆ ತಣ್ಣಗಾಗುತ್ತೆ. ನೀವೂ ಬನ್ನಿ, ನಿಮ್ ತಲೇನೂ ತಣ್ಣಗೆ ಮಾಡೋಣ."

ನಗುತ್ತಲೇ ಆಂಟಿ ಸೆರಗಿಗೆ ಕೈ ಒರೆಸಿಕೊಂಡು ಮಾತ್ರೆಯ ಡಬ್ಬಿ ತೆಗೆದರು. "ಇದು ಬೀಪಿಗೆ. ಇದು ಮನಸ್ಸಿಗೆ."

ಎದುರುಮನೆಯವರು ಆಚೀಚೆ ನೋಡಿದರು. "ಅಯ್ಯೋ, ಮೆತ್ತಗೆ ಹೇಳ್ರೀ."

"ಯಾಕ್ರೀ? ಬೀಪಿಗೆ ಅಂದಾಗ ಸುಮ್ನಿದ್ರಲ್ಲ?"

ನಾನು ಬೇಳೆ ಹಿತಕುತ್ತಲೇ ಇದ್ದೆ. ಒಳಗೇನೋ ಅಲುಗಾಡಿತು ಎಂದು ಈಗ ಬರೆಯಬಹುದು. ಆದರೆ ಆ ಹೊತ್ತಿಗೆ ಹಾಗನ್ನಿಸಿತ್ತೋ, ಆಮೇಲೆ ನಾನು ಸೇರಿಸಿಕೊಂಡೆನೋ... ಗೊತ್ತಿಲ್ಲ.

ಆ ಚಳಿಗಾಲವೆಲ್ಲ ಆಂಟಿ ಆಗಾಗ ಬಕೆಟ್ಟು ತಂದರು. ಅವರು, ಅವರ ಯಜಮಾನರು, ಇಬ್ಬರೇ ಇದ್ದ ಮನೆಗೆ ಅಷ್ಟು ಬೇಳೆ ಯಾಕೆ ಬೇಕಿತ್ತು ಎಂದು ಆಗ ನಾನು ಯೋಚಿಸಲಿಲ್ಲ. ಒಂದು ಮಧ್ಯಾಹ್ನ, ಬೀದಿಯಲ್ಲಿ ಯಾರೂ ಇಲ್ಲದಾಗ, ಪಾತ್ರೆ ನೋಡುತ್ತಲೇ ಹೇಳಿದೆ. "ಆಂಟಿ, ನಂಗೆ ಏಳೋಕೇ ಆಗ್ತಿಲ್ಲ."

ಅವರು ಕೈ ನಿಲ್ಲಿಸಲಿಲ್ಲ. "ಗೊತ್ತು ಕಣೇ. ಸಾಯ್ಬೇಕು ಅನ್ಸುತ್ತಾ?"

ಯಾರೂ ಕೇಳಿರದ ಪ್ರಶ್ನೆ. ಅಷ್ಟು ಸಲೀಸಾಗಿ ಕೇಳಿದ್ದಕ್ಕೇ ಇರಬೇಕು, ಸುಳ್ಳು ಹೇಳಲಾಗಲಿಲ್ಲ. "ಒಂದೊಂದ್ಸಲ," ಎಂದೆ.

"ಸರಿ. ಇವತ್ತು ನಮ್ಮನೇಲೇ ಮಲಕ್ಕೋ. ನಾಳೆ ನಮ್ಮ ಡಾಕ್ಟ್ರ ಹತ್ರ ಹೋಗೋಣ."

"ಅಮ್ಮಂಗೆ ಹೇಳ್ಬೇಡಿ ಆಂಟಿ. ಯಾರಿಗೂ ಹೇಳ್ಬೇಡಿ."

"ನಿಮ್ಮಮ್ಮಂಗೆ ನೀನೇ ಹೇಳು, ಬೇಗ ಹೇಳು. ಮಿಕ್ಕೋರ್ಗೆ ಹೇಳೋಕೆ ನಂಗೇನು ಹುಚ್ಚಾ?" ಎಂದವರು, ತಮ್ಮ ಮಾತಿಗೆ ತಾವೇ ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು. ಎಷ್ಟೋ ದಿನಗಳ ಮೇಲೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ನನ್ನನ್ನು ಕೂರಿಸಿ ಕೈ ಹಿಡಿದುಕೊಂಡಿದ್ದರು. ಡಾಕ್ಟರ ಕೋಣೆಯ ಹೊರಗೆ ಪಕ್ಕದಲ್ಲಿ ಕೂತವರ ಊರು, ಕೇರಿ, ನಿದ್ದೆ ಎಲ್ಲವನ್ನೂ ವಿಚಾರಿಸಿದರು. ನಾನು ನಾಚಿಕೆಯಿಂದ ಗೋಡೆ ನೋಡುತ್ತಿದ್ದೆ. ಮಾತ್ರೆ ಶುರುವಾಯಿತು, ಕೌನ್ಸೆಲಿಂಗ್ ಶುರುವಾಯಿತು, ಆ ವಾರವೇ ಅಮ್ಮನಿಗೂ ಹೇಳಿದೆ. ಒಂದೇ ತಿಂಗಳಿಗೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಎರಡು ಹೆಜ್ಜೆ ಮುಂದಿಟ್ಟರೆ ಮತ್ತೆ ಹಾಸಿಗೆ. ಆದರೂ ಬೇಸಿಗೆಯ ಹೊತ್ತಿಗೆ ಕ್ಯಾಂಪಸ್ಸಿನ ಮರಗಳ ಕೆಳಗೆ ನಡೆಯುತ್ತಿದ್ದೆ. ಪರೀಕ್ಷೆಯನ್ನು ತಡವಾಗಿಯಾದರೂ ಬರೆದೆ.

ರೂಮು ಬಿಟ್ಟ ಮೇಲೆ ಯುಗಾದಿಗೆ ಫೋನು, ಆಮೇಲೆ ಅದೂ ಇಲ್ಲ. ನಿಜ ಹೇಳಬೇಕೆಂದರೆ ಆ ಬೀದಿಗೆ ಹೋಗಲು ಹಿಂಜರಿಕೆಯಿತ್ತು. ಅಷ್ಟು ಮಾತಾಡುವ ಹೆಂಗಸು ನನ್ನ ವಿಷಯವನ್ನು ಹೊಟ್ಟೆಯಲ್ಲಿಟ್ಟುಕೊಂಡಿರುತ್ತಾರೆ ಎಂದು ನಂಬುವುದು ಹೇಗೆ? ಹೊರಡುವ ದಿನ ಎದುರುಮನೆಯ ಆಂಟಿ "ಈಗ ಚೆನ್ನಾಗಿದೀಯಾ?" ಎಂದಿದ್ದರು. ಆ "ಈಗ" ಎಂಬುದರಲ್ಲಿ ನಾನು ಏನೇನೋ ಕೇಳಿಸಿಕೊಂಡಿದ್ದೆ.

ತಳ್ಳುಗಾಡಿ ನೋಡಿದ ದಿನ ಹತ್ತಬೇಕಿದ್ದ ಬಸ್ಸು ಬಿಟ್ಟು ಬಸವೇಶ್ವರನಗರದ ಬಸ್ಸು ಹತ್ತಿದೆ. ಬಾಗಿಲು ತೆರೆದದ್ದು ಆಂಟಿಯ ಮಗಳು. ಆಗ ಮದುವೆಯಾಗಿ ಮೈಸೂರಿನಲ್ಲಿದ್ದವರು, ನಾನು ಒಂದೆರಡು ಸಲವಷ್ಟೇ ನೋಡಿದ್ದೆ. ಅವರ ಹೆಗಲಾಚೆ ಗೋಡೆಯಲ್ಲಿ ಹಾರ ಹಾಕಿದ ಆಂಟಿಯ ಫೋಟೊ ಕಾಣಿಸಿತು. ಹೋದ ವರ್ಷವೇ ಅಂತೆ. ನನಗೆ ಹೇಳುವವರು ಯಾರಿದ್ದರು... ಕೇಳುವವಳು ನಾನೇ ಇರಲಿಲ್ಲವಲ್ಲ.

ಹೆಸರು ಹೇಳಿದೊಡನೆ ಅವರ ಮುಖ ಅರಳಿತು. "ಓ, ಮೇಲಿನ ರೂಮಿನವ್ರಾ! ಅಮ್ಮ ಎಲ್ರ ಹತ್ರಾನೂ ನಿಮ್ಮ ಸುದ್ದಿ ಹೇಳ್ತಿದ್ರು."

ನಾನು ಎದುರುಮನೆಯ ಕಡೆ ತಿರುಗಿ ನೋಡಿದೆ. "ಏನಂತ?"

"ಡಾಕ್ಟ್ರ ಹತ್ರ ಒಬ್ರೇ ಹೋಗೋಕೆ ಅಮ್ಮಂಗೆ ಭಯ ಅಂತೆ. ಓದೋ ಹುಡುಗಿ, ಕ್ಲಾಸ್ ಬಿಟ್ಟು ನಂಜೊತೆ ಬರ್ತಾಳೆ ಅಂತ ಬೀದಿಗೆಲ್ಲ ಹೇಳಿದ್ರು. ನಾನಂತೂ ದೂರದಲ್ಲಿದ್ದೆ. ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಅಂದ್ಕೊಂಡೇ ಇದ್ದೆ."

ಆಂಟಿ ಕತೆಯನ್ನು ತಿರುಗಿಸಿ ಹೇಳಿದ್ದರೋ, ಅಥವಾ ಬಸ್ಸಿನಲ್ಲಿ ನನ್ನ ಕೈಯನ್ನು ಅಷ್ಟು ಬಿಗಿಯಾಗಿ ಹಿಡಿದದ್ದರಲ್ಲಿ ಅವರ ಭಯವೂ ಇತ್ತೋ? ಎರಡೂ ನಿಜವಿರಬಹುದು. ಕೇಳಿ ತಿಳಿಯೋಣವೆಂದರೆ ಅವರಿಲ್ಲ.

"ಕಾಯಿಲೆ ನನಗಿತ್ತು," ಎಂದೆ. ಬಾಗಿಲಲ್ಲೇ ನಿಂತು, ಬೀದಿಗೆ ಕೇಳಿಸುವಷ್ಟು ಜೋರಾಗಿಯೇ. "ನಿಮ್ಮಮ್ಮ ನನ್ನನ್ನ ಕರ್ಕೊಂಡು ಹೋಗ್ತಿದ್ರು."

ಮಗಳು ನನ್ನನ್ನೇ ನೋಡಿದರು. ಆಮೇಲೆ ಬಾಗಿಲನ್ನು ಪೂರ್ತಿ ತೆರೆದರು. "ಒಳಗೆ ಬನ್ನಿ. ಕೂತ್ಕೊಂಡು ಹೇಳಿ. ನಂಗೆ ಅಮ್ಮನ ಬಗ್ಗೆ ಗೊತ್ತಿಲ್ದೇ ಇರೋದನ್ನ ಹೇಳೋರು ಇನ್ಯಾರೂ ಉಳಿದಿಲ್ಲ."