ಸ್ಟೇಷನ್ನಿಗೆ ಹೇಳಿ ಹೋಗುವ ಮನೆ

ಹರಪನಹಳ್ಳಿಯಲ್ಲಿ ನಮ್ಮ ಮನೆ ಎಲ್ಲಿದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ದವಡೆ ಹಿಡಿದುಕೊಂಡು ನಿಂತರೆ ಸಾಕು, ಯಾರಾದರೊಬ್ಬರು ತಾವಾಗಿಯೇ "ಚೀನಾ ಡಾಕ್ಟ್ರ ಅಂಗಡಿ ಅಲ್ಲೈತಿ ನೋಡ್ರಿ" ಎಂದು ಕೈ ತೋರಿಸುತ್ತಿದ್ದರು. ಅಪ್ಪ ಹಲ್ಲು ಕೀಳುವವನು, ಹಲ್ಲು ಕಟ್ಟುವವನು. ಅವನ ಅಪ್ಪನ ಕಸುಬೂ ಅದೇ ಆಗಿತ್ತು. ಮುಂದಿನ ಕೋಣೆಯಲ್ಲಿ ರೋಗಿಗಳ ಕುರ್ಚಿ, ಗಾಜಿನ ಪೆಟ್ಟಿಗೆಯೊಳಗೆ ಸಾಲಾಗಿಟ್ಟ ಕಟ್ಟುಹಲ್ಲು. ಹಿಂದಿನ ಕೋಣೆಯಲ್ಲಿ ನಾವು. ನಾನು ಹುಟ್ಟಿದ್ದು, ಬೆಳೆದದ್ದು, ಬೈಸಿಕೊಂಡದ್ದು ಎಲ್ಲಾ ಅಲ್ಲೇ. ಆದರೂ ಇವತ್ತಿಗೂ ಯಾರಾದರೂ ಹೊಸಬರು ನನ್ನ ಮುಖ ನೋಡಿ "ಕನ್ನಡ ಎಷ್ಟು ಚಂದ ಮಾತಾಡ್ತೀರಿ!" ಅಂದರೆ ನನಗೆ ಸುಸ್ತಾಗುತ್ತದೆ. ಮತ್ತೇನು ಮಾತಾಡಲಿ? ನನಗೆ ಬರುವುದೇ ಅದೊಂದು.

ಮನೆಯಲ್ಲಿ ನಡೆಯುತ್ತಿದ್ದುದೂ ಅದೇ. ಅವ್ವ ಕಲ್ಕತ್ತೆಯವಳು, ಚಪ್ಪಲಿ ಹೊಲಿಯುವ ಚೀನೀ ಮನೆತನದವಳು. ಅಪ್ಪನ ಕಡೆಯವರ ಚೀನೀ ಮಾತು ಬೇರೆ, ಅವ್ವನ ತವರಿನದು ಬೇರೆ. ಒಬ್ಬರದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹರಕುಮುರುಕು ಹಿಂದಿಯಲ್ಲಿ ಸಂಸಾರ ಮಾಡಿದರಂತೆ. ಜಗಳ ಜೋರಾದಂತೆ ಅದು ಸಾಲದೆ ಬಂದು ಇಬ್ಬರೂ ಕನ್ನಡಕ್ಕೆ ಇಳಿದರು. ಸಂತೆಯಲ್ಲಿ ಕಲಿತ ಅವ್ವನ ಕನ್ನಡದ ಮುಂದೆ ಅಪ್ಪ ಯಾವಾಗಲೂ ಸೋಲುತ್ತಿದ್ದ.

ಒಂದು ವಿಷಯದಲ್ಲಿ ಮಾತ್ರ ಸೋಲುತ್ತಿರಲಿಲ್ಲ. ಊರು ಬಿಡುವ ಮುಂಚೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳಬೇಕು, ವಾಪಸ್ ಬಂದ ಮೇಲೂ ಹೋಗಿ ಹೇಳಬೇಕು. ಕೊಟ್ಟೂರಿಗೆ ಮದುವೆಯೂಟಕ್ಕೆ ಹೋಗಲಿ, ಹಗರಿಬೊಮ್ಮನಹಳ್ಳಿಯಲ್ಲಿ ಹಾಸಿಗೆ ಹಿಡಿದ ಮುದುಕರ ಹಲ್ಲಿನ ಅಳತೆ ತೆಗೆಯಲು ಹೋಗಲಿ, ಇದು ತಪ್ಪುತ್ತಿರಲಿಲ್ಲ. ಚೀನಾದೊಂದಿಗೆ ಯುದ್ಧವಾದ ಮೇಲೆ ಸರ್ಕಾರ ನಮ್ಮಂಥವರಿಗೆ ಹಾಕಿದ ಕಟ್ಟಳೆ ಅದು. ದೇಶ ಗಣರಾಜ್ಯವಾದ ಮೇಲೆ ಇಲ್ಲಿ ಹುಟ್ಟಿದ ನನಗೆ ಆ ಕಾಟವಿರಲಿಲ್ಲ, ಅದಕ್ಕೂ ಮುಂಚೆ ಹುಟ್ಟಿದ ಅಪ್ಪ ಅವ್ವ ಇಬ್ಬರಿಗೂ ಇತ್ತು. ಚಿಕ್ಕವಳಿದ್ದಾಗ ಸ್ಟೇಷನ್ನಿನ ಬೇವಿನ ಮರದ ಕೆಳಗೆ ಅಪ್ಪನಿಗಾಗಿ ಕಾಯುತ್ತಾ ಎಷ್ಟು ಬಸ್ಸು ತಪ್ಪಿಸಿಕೊಂಡಿದ್ದೇನೋ! ಮದುವೆಮನೆಗೆ ನಾವು ಮುಟ್ಟುವ ಹೊತ್ತಿಗೆ ಅವರು ಎಂಜಲೆಲೆ ಎತ್ತುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಾ ಬಂದಂತೆ ಆ ಕಟ್ಟಳೆಯೂ ಹೋಯಿತು. ಸ್ಟೇಷನ್ನಿನ ಪೇದೆಯೇ ಒಂದು ದಿನ ನಗುತ್ತಾ, "ಅದೆಲ್ಲಾ ಮುಗೀತ್ರಿ ಡಾಕ್ಟ್ರ, ಇನ್ನ ಬರೋದು ಬ್ಯಾಡ" ಅಂದಿದ್ದ. ಅಪ್ಪ ತಲೆಯಾಡಿಸಿ ಬಂದ. ಮುಂದಿನ ವಾರ ಕೂಡ್ಲಿಗಿಗೆ ಹೋಗುವ ಮುಂಚೆ ಮತ್ತೆ ಅಲ್ಲಿಗೇ ಹೋದ.

ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಆದರೆ ಕಾರಣವೂ ಗೊತ್ತಿತ್ತು. ಅಪ್ಪ ಹುಟ್ಟಿದ್ದು ಅಸ್ಸಾಮಿನ ಕಡೆ. ಯುದ್ಧದ ಹೊತ್ತಿಗೆ ಅವನಿನ್ನೂ ಹುಡುಗ. ಪರಿಚಯದ ಪೇದೆಯೊಬ್ಬ ಮನೆ ಬಾಗಿಲಿಗೆ ಬಂದು, ಹೆದರಬೇಡಿ, ಎರಡು ದಿನದ ಮಾತು, ಒಂದು ಜೊತೆ ಬಟ್ಟೆ ಸಾಕು ಅಂದನಂತೆ. ಒಲೆಯ ಮೇಲಿನ ಅನ್ನ ಇಳಿಸಿಟ್ಟು ಎಲ್ಲರೂ ಹೊರಟರು. ರಾಜಸ್ಥಾನದ ಬಿಸಿಲಿನಲ್ಲಿ, ಚೀನೀಯರನ್ನು ಕೂಡಿಹಾಕಿದ್ದ ಶಿಬಿರದ ಮುಳ್ಳುತಂತಿಯ ಹಿಂದೆ, ಆ ಒಂದು ಜೊತೆ ಬಟ್ಟೆ ಮೈಮೇಲೇ ಹರಿಯಿತು. ವರ್ಷಗಳ ಮೇಲೆ ಬಿಟ್ಟಾಗ ಅಸ್ಸಾಮಿನ ಮನೆಯಲ್ಲಿ ಬೇರೆ ಯಾರೋ ಇದ್ದರು. ಬಳ್ಳಾರಿಯಲ್ಲಿದ್ದ ದೂರದ ನೆಂಟನನ್ನು ಹಿಡಿದು, ಹಲ್ಲಿನ ಡಾಕ್ಟರಿಲ್ಲದ ಊರು ಹುಡುಕುತ್ತಾ ಇಲ್ಲಿಗೆ ಬಂದದ್ದು. ಅಂದಿನಿಂದ ಪೇದೆಯ ಮಾತೆಂದರೆ ಅಪ್ಪನಿಗೆ ಮಾತೇ ಅಲ್ಲ. ಏನಿದ್ದರೂ ದೊಡ್ಡ ಸಾಹೇಬರ ಬಾಯಿಂದಲೇ ಬರಬೇಕು.

ಅಂಥದ್ದರಲ್ಲಿ ಒಂದು ಮಧ್ಯಾಹ್ನ ಪಕ್ಕದ ಕಿರಾಣಿ ಅಂಗಡಿಗೆ ಕಲ್ಕತ್ತೆಯಿಂದ ಫೋನ್ ಬಂತು. ಅವ್ವನ ಅಕ್ಕ ಹಾಸಿಗೆ ಹಿಡಿದಿದ್ದಾಳೆ, ಅನ್ನ ಬಿಟ್ಟಿದ್ದಾಳೆ, ತಂಗಿಯನ್ನು ಕೇಳುತ್ತಿದ್ದಾಳೆ, ಬೇಗ ಬನ್ನಿ. ತಾಯಿಯಿಲ್ಲದ ಅವ್ವನನ್ನು ಎತ್ತಿ ಬೆಳೆಸಿದ್ದೇ ಆ ಅಕ್ಕ. ನಾನು ಹುಟ್ಟಿದ ಮೇಲೆ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಇವತ್ತು ಸ್ಟೇಷನ್ನು, ನಾಳೆ ಅಂಗಡಿ, ನಾಡಿದ್ದು ನನ್ನ ಪರೀಕ್ಷೆ ಅನ್ನುತ್ತಲೇ ದಿನ ಹೋಗಿದ್ದವು.

ಅವ್ವ ಅಳಲಿಲ್ಲ. ಸೀದಾ ಬಂದು ಹಿಟ್ಟು ನಾದಿದಳು. ದಾರಿಯಲ್ಲಿ ಕೆಡದ ಒಣ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. "ಆಕಿ ಚಟ್ನಿಪುಡಿ ನೆಕ್ಕಿದ್ರ ನಾಲಿಗಿಗೆ ರುಚಿ ಬರತೈತಿ, ಆಮ್ಯಾಲ ಅನ್ನ ಉಣ್ತಾಳ" ಅಂದಳು. ಅಪ್ಪ ಅಂಗಿ ಹಾಕಿಕೊಂಡು ಸ್ಟೇಷನ್ನಿಗೆ ಹೋದ. ಹೋದವನು ಮುಖ ಇಳಿಬಿಟ್ಟುಕೊಂಡು ಬಂದ.

"ಸಾಹೇಬ್ರು ಮೈಲಾರ ಜಾತ್ರಿ ಬಂದೋಬಸ್ತಿಗೆ ಹೋಗ್ಯಾರಂತ."

"ಅಲ್ಲಿದ್ದವ್ರು ಏನಂದ್ರು?" ಅವ್ವ ಕೇಳಿದಳು.

"ಹೋಗಿಬರ್ರಿ ಅಂದ, ಪೇದೆ."

"ಅಂದ್ನಲ್ಲ! ಏಳ್ರಿ ಮತ್ತ."

"ಪೇದೆ ಅಂದಾನ" ಎಂದ ಅಪ್ಪ. ಅಲ್ಲಿಗೆ ಮುಗಿಯಿತು.

ನನಗೆ ತಡೆಯಲಾಗಲಿಲ್ಲ. "ಯಪ್ಪಾ, ಮೈಲಾರ ಏನು ಮದ್ರಾಸಿನ್ಯಾಗ ಐತೇನು? ಬಸ್ ಹತ್ತಿ ಹೋಗು, ಅಲ್ಲೇ ಸಾಹೇಬ್ರನ್ನ ಕೇಳಿ ಬಾ."

ಅಪ್ಪ ನನ್ನನ್ನು ನೋಡಿದ. "ಮೈಲಾರಕ್ಕ ಹೋಗಾಕ ಯಾರನ್ನ ಕೇಳ್ಲಿ?"

ನಗು ಬಂತು, ಏನು ಮಾಡಲಿ. ನಕ್ಕ ಮೇಲೆ ಅವನ ಮುಖ ನೋಡಿದೆ. ಅಪ್ಪ ತಮಾಷೆ ಮಾಡುತ್ತಿರಲಿಲ್ಲ.

ನಾನೇ ಕಲ್ಕತ್ತೆಗೆ ಹೋಗುತ್ತೇನೆ ಅಂದೆ. "ನೀ ಹೋಗಿ ಏನ್ ಮಾಡ್ತಿ? ನಿನ್ನ ಮಾರಿ ಆಕಿಗೆ ಗೊತ್ತೈತೇನು?" ಎಂದಳು ಅವ್ವ. ಹಾಗಾದರೆ ನೀನೊಬ್ಬಳೇ ಹೋಗು ಅಂದೆ. ಅವ್ವ ಗೋಡೆಗೆ ಒರಗಿ ಕೂತಳು. "ನಾ ಹ್ವಾದ್ರ ಈ ಮನುಷ್ಯಾ ನಾ ತಿರುಗಿ ಬರೋತನಕ ಬಾಗಿಲ ಕಡೆ ನೋಡಿಕೋತ ಕುಂದರ್ತಾನ. ನೀರು ಸೈತ ಕುಡಿಯಂಗಿಲ್ಲ. ಸಾಹೇಬ್ರು ಬರ್ಲಿ ತಗೋ" ಅಂದಳು. ಅವಳ ದನಿಯಲ್ಲಿ ಸಿಟ್ಟಾದರೂ ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಕಾದೆವು. ಮುಂದಿನ ಕೋಣೆಯಲ್ಲಿ ಅಪ್ಪ ಹಲ್ಲು ಕೀಳುತ್ತಿದ್ದ, ನಾನು ಸಲಕರಣೆ ಕುದಿಸಿಕೊಡುತ್ತಿದ್ದೆ, ಅವ್ವ ಕಟ್ಟಿದ ಚೀಲದ ಪಕ್ಕದಲ್ಲೇ ಮಲಗಿ ಏಳುತ್ತಿದ್ದಳು. ಜೋಳ ಮಾರಲು ಬಂದ ರೈತರು ಹಲ್ಲು ತೋರಿಸಿ, ಬಾಯಿಗೆ ಹತ್ತಿ ಇಟ್ಟುಕೊಂಡು, ಮೈಲಾರದ ಜನಜಂಗುಳಿಯ ಸುದ್ದಿಯನ್ನು ಕೈಸನ್ನೆಯಲ್ಲೇ ಹೇಳಿ ಹೋಗುತ್ತಿದ್ದರು. ಅಪ್ಪ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸ್ಟೇಷನ್ನಿಗೆ ಹೋಗಿ ಬರುತ್ತಿದ್ದ. ಪೇದೆ ಕೈ ಮುಗಿದು "ಹೋಗಿಬರ್ರೀ ಯಪ್ಪಾ, ಯಾರೂ ಏನೂ ಅನ್ನಂಗಿಲ್ಲ" ಅಂದನಂತೆ. ಪಾಪ, ಅವನ ತಪ್ಪೇನೂ ಇರಲಿಲ್ಲ.

ಕೊನೆಗೂ ಸಾಹೇಬರು ಬಂದರು. ಒಳ್ಳೆಯ ಮನುಷ್ಯ. ಅಪ್ಪನನ್ನು ಕೂರಿಸಿ, ಚಹಾ ತರಿಸಿ, "ಏನ್ರೀ ಡಾಕ್ಟ್ರ, ಇದಕ್ಕ ನನ್ನ ದಾರಿ ಕಾದ್ರ್ಯಾ? ನೀವು ನಮ್ಮೂರವ್ರು. ಎಲ್ಲಿಗೆ ಬೇಕು ಅಲ್ಲಿಗೆ ಹೋಗಿಬರ್ರಿ" ಅಂದರಂತೆ. ಅಪ್ಪ ಓಡುತ್ತಲೇ ಮನೆಗೆ ಬಂದ. ಅವನು ಓಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. "ಏಳ್ರಿ, ಏಳ್ರಿ! ಹೊಸಪೇಟಿಗೆ ಹೋದ್ರ ರೈಲು ಸಿಗತೈತಿ" ಎಂದು ತಾನೇ ಚೀಲ ಎತ್ತಿಕೊಂಡ. ಅವ್ವ ಸೀರೆ ಬದಲಿಸಿ ಬಂದು ಚಪ್ಪಲಿ ಮೆಟ್ಟುತ್ತಿದ್ದಳು. ಆಗ ಕಿರಾಣಿ ಅಂಗಡಿಯಾಕೆ ಬಾಗಿಲಲ್ಲಿ ನಿಂತು "ಯಕ್ಕಾ, ಕಲ್ಕತ್ತಾದ ಫೋನು" ಅಂದಳು.

ಅವ್ವ ಹೋದವಳು ಬೇಗನೇ ಬಂದಳು. ಚಪ್ಪಲಿ ಬಿಟ್ಟಳು. ಅಪ್ಪನ ಕೈಯಿಂದ ಚೀಲ ತೆಗೆದುಕೊಂಡು ಕೆಳಗಿಟ್ಟಳು.

ಹೊತ್ತು ಇಳಿಯುವಾಗ ಅಪ್ಪ ಎದ್ದು ಮತ್ತೆ ಅಂಗಿ ಹಾಕಿಕೊಂಡ. ಎಲ್ಲಿಗೆ ಎಂದು ಕೇಳಿದೆ.

"ಸ್ಟೇಷನ್ನಿಗೆ" ಎಂದ, ನೆಲ ನೋಡುತ್ತಾ. "ಹೋಗ್ತೀವಿ ಅಂತ ಹೇಳಿ ಬಂದೀನಿ. ಈಗ ಹೋಗಂಗಿಲ್ಲ ಅಂತ ಹೇಳಬೇಕಲ್ಲ."

ಅವ್ವ ತಲೆ ಎತ್ತಲಿಲ್ಲ. "ಹಂಗೇ ಇನ್ನೊಂದು ಕೇಳಿ ಬರ್ರಿ" ಎಂದಳು. "ನಮ್ಮಕ್ಕ ಸತ್ತಾಳ, ಮನ್ಯಾಗ ಕುಂತು ಅತ್ರ ನಡಿತೈತ್ಯಾ ಅಂತ."

ಅಪ್ಪ ಹೊಸ್ತಿಲ ಮೇಲೆ ನಿಂತು ಅಂಗಿಯ ಗುಂಡಿ ಹಾಕಿಕೊಂಡ. ಆಮೇಲೆ ಹೋದ.