ಸುಮಿಯ ಹೆಬ್ಬೆರಳು

ಯಾರ ಮನೆಯ ಹಸುಗೂಸನ್ನು ಕೈಗೆ ಕೊಟ್ಟರೂ ನನ್ನ ತಂಗಿ ಸುಮಿ ಮೊದಲು ಮುದ್ದು ಮಾಡುತ್ತಿರಲಿಲ್ಲ. ಬಾಗಿಲ ಬೆಳಕಿಗೆ ಒಯ್ದು, ಹೆಬ್ಬೆರಳಿನಿಂದ ಕೂಸಿನ ಮೂಗಿನ ತುದಿಯನ್ನು ಮೆಲ್ಲಗೆ ಒತ್ತಿ ಬಿಟ್ಟು, ಅಲ್ಲಿ ಮೂಡುವ ಬಣ್ಣ ನೋಡುತ್ತಿದ್ದಳು. ಹಳದಿ ಕಂಡರೆ ಕಾಮಾಲೆ. ನಮ್ಮ ಮಾತಿನಲ್ಲಿ ಕಾಮಣಿ. ನೇಸರಗಿಯ ನಮ್ಮ ಓಣಿಯ ಹೆಂಗಸರಿಗೆ ಇದೊಂದು ತಮಾಷೆ.

"ಏನವಾ ಸುಮಿ, ಕೂಸೇನು ಮಾವಿನಹಣ್ಣೇನು, ಒತ್ತಿ ನೋಡಾಕ?"

"ಹಣ್ಣು ಹಳದಿ ಆದ್ರ ಚಲೋ ಅತ್ತಿ, ಕೂಸು ಹಳದಿ ಆದ್ರ ದವಾಖಾನಿಗೆ ಓಡಬೇಕ್ರಿ" ಎನ್ನುತ್ತಿದ್ದಳು.

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಸುಮಿ ರಸಾಯನಶಾಸ್ತ್ರ ಓದಿ ಧಾರವಾಡದ ಪ್ರಯೋಗಾಲಯವೊಂದನ್ನು ಸೇರಿದಳು. ಸಣ್ಣ ಪಟ್ಟಿಯ ಮೇಲೆ ಒಂದು ಹನಿ ರಕ್ತ ಹಾಕಿ, ಅದರೊಳಗೆ ತುಸುವೇ ಕರೆಂಟು ಹಾಯಿಸಿದರೆ, ಕೂಸಿಗೆ ಕಾಮಣಿ ಎಷ್ಟಿದೆ ಎಂದು ಅಲ್ಲಿಯೇ ಗೊತ್ತಾಗಬೇಕು. ಅದು ಅವಳ ಕೆಲಸ. ಪಟ್ಟಿಗಳ ಚೀಲ ಹೊತ್ತು ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂದು ಬಸ್ಸಿನಲ್ಲಿ ತಿರುಗುತ್ತಿದ್ದಳು. ಹೊಸ ಪಟ್ಟಿ ಮಾಡಿದಾಗಲೆಲ್ಲ ಮೊದಲು ತನ್ನ ಬೆರಳನ್ನೇ ಚುಚ್ಚಿಕೊಳ್ಳುತ್ತಿದ್ದಳು. ಊರಿಗೆ ಬಂದು ಉಣ್ಣಲು ಕುಳಿತರೆ ಆ ಗಾಯಗಳಿಗೆ ಖಾರ ತಾಗಿ, ತುತ್ತಿಗೊಮ್ಮೆ ಕೈ ಝಾಡಿಸುತ್ತಿದ್ದಳು.

ಅವಳ ಮೊದಲ ಲೇಖನ ಅಚ್ಚಾದಾಗ ಅವ್ವ ಅದಕ್ಕೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲಿಟ್ಟಳು.

"ಅಕ್ಕಾ, ಕಡೀ ಹಾಳಿ ನೋಡು. ಉಪಕಾರ ನೆನೆಸಿದಲ್ಲೆ ನಿನ್ನ ಹೆಸರೈತಿ."

"ನಾ ಏನ ಮಾಡೇನಿ ಅಂತ?"

"ಕೂಸಿನ ರಕ್ತ ಕೊಡಾಕ ಓಣ್ಯಾನ ಬಾಣಂತ್ಯಾರನ್ನ ಒಪ್ಪಿಸಿದಾಕಿ ಯಾರು? ಅವರೇನು ನನ್ನ ಮಾತು ಕೇಳತಿದ್ರ?"

ಇಂಗ್ಲಿಷಿನಲ್ಲಿ ನಾನು ಗುರುತಿಸಬಲ್ಲ ಒಂದೇ ಶಬ್ದ ನನ್ನ ಹೆಸರು, ನೀಲವ್ವ. ಆಮೇಲೆ ಬಂದ ಒಂದೊಂದು ಲೇಖನದಲ್ಲೂ ಮೊದಲು ಕೊನೆಯ ಹಾಳೆ ತಿರುವಿ ಅದನ್ನೇ ಹುಡುಕುತ್ತಿದ್ದೆ. ಯಾವುದರಲ್ಲೂ ಅವಳು ಮರೆತಿರಲಿಲ್ಲ.

ನನ್ನ ಮಗಳು ರೇಖಾ ಚೊಚ್ಚಲ ಹೆರಿಗೆಗೆ ಬಂದಳು. ಗಂಡು ಕೂಸು. ನಮ್ಮಲ್ಲಿ ಕೂಸಿಗೆ ದಿನಾ ಎಣ್ಣೆ, ಅರಿಷಿಣ ಹಚ್ಚಿ ಎರೆಯುತ್ತೇವೆ. ನಾಲ್ಕನೆಯ ದಿನ ಸುಮಿ ಫೋನು ಮಾಡಿದಳು.

"ಅಕ್ಕಾ, ಅರಿಷಿಣದಾಗ ಕಾಮಣಿ ಕಾಣೂದಿಲ್ಲ. ಹಸಿ ಅರಬೀಲೆ ಮೂಗು ಒರಸು, ಬೆಳಕಿಗೆ ತಂದು ಒತ್ತಿ ನೋಡು. ಹಳದಿ ಇದ್ರ ಈಗಿಂದೀಗ ಬೈಲಹೊಂಗಲಕ್ಕ ಹೊಂಡ್ರಿ, ನಾನೂ ಪಟ್ಟಿ ತಗೊಂಡು ಬರತೇನಿ."

ಮರುದಿನ ಐದನೆಯ ದಿನದ ಪೂಜೆ. ಸಾಲಹಳ್ಳಿಯಿಂದ ಬೀಗರು ಬರುವವರಿದ್ದರು. ನನ್ನ ಎರಡೂ ಕೈ ಹೋಳಿಗೆಯ ಹೂರಣದಲ್ಲಿದ್ದವು. ಕೂಸನ್ನು ಬಾಣಂತಿ ಕೋಣೆಯಿಂದ ಹೊರಗೆ ತಂದರೆ ನಾಲ್ಕು ಮಂದಿ ಆಡಿಕೊಳ್ಳುತ್ತಾರೆ. ಆಸ್ಪತ್ರೆ ಎಂದರೆ ಪೂಜೆಯೇ ನಿಲ್ಲುತ್ತದೆ. ತಾಸು ಬಿಟ್ಟು ಅವಳು ಮತ್ತೆ ಕೇಳಿದಾಗ, ಆ ಕೋಣೆಯಲ್ಲಿ ಕಾಲೂ ಇಡದ ನಾನು ಹೇಳಿದೆ: "ಒರಸಿ ನೋಡೇನವಾ. ಹಳದಿ ಇಲ್ಲ."

"ಬೆಳಕಿನ್ಯಾಗ ನೋಡಿದಿ?"

"ಹೂಂ."

"ಆತು ಬಿಡು. ನೀ ನೋಡಿದ್ರ ನಾ ನೋಡಿದಂಗ."

ಮರುದಿನ ಪೂಜೆಯ ಹೊತ್ತಿಗೆ ಕೂಸು ಮೊಲೆ ಹಿಡಿಯಲಿಲ್ಲ. ಸಂಜೆಗೆ ಅದರ ಬೆನ್ನು ಬಿಲ್ಲಿನಂತೆ ಸೆಟೆಯಿತು. ಆಸ್ಪತ್ರೆಯ ನರ್ಸು ಮೈಮೇಲಿನ ಅರಿಷಿಣ ಒರೆಸಿದಳು. ಅಡಿಯಲ್ಲಿಯೂ ಅದೇ ಬಣ್ಣವಿತ್ತು. ಕೂಸು ಉಳಿಯಲಿಲ್ಲ.

ಸುಮಿ ನನ್ನನ್ನು ಅಪ್ಪಿಕೊಂಡು ಅತ್ತಳು. "ತಪ್ಪು ನಂದ ಅಕ್ಕಾ. ನೀ ಸರಿಯಾಗೇ ನೋಡಿದಿ. ಬೆರಳಿಗೆ ತಿಳೀಲಿಲ್ಲ. ಬೆರಳು ನಂಬಿ ನಾ ಪಟ್ಟಿ ತಗೊಂಡು ಬರಲಿಲ್ಲ." ಅಂದಿನಿಂದ ಯಾವ ಕೂಸಿನ ಮೂಗನ್ನೂ ಅವಳು ಒತ್ತಲಿಲ್ಲ.

ಎರಡು ವರ್ಷಕ್ಕೆ ರೇಖಾಳಿಗೆ ಹೆಣ್ಣು ಹುಟ್ಟಿತು. ಸುಮಿ ಪಟ್ಟಿ ತಂದು ಪರೀಕ್ಷಿಸಿದಳು. ಕೂಸು ಚೆನ್ನಾಗಿತ್ತು. ಅದನ್ನು ಅವಳ ತೊಡೆಯ ಮೇಲಿಟ್ಟು, "ಒಮ್ಮೆ ಒತ್ತಿ ನೋಡ" ಎಂದೆ. ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ಬ್ಯಾಡಕ್ಕಾ. ಇದು ಒಂದು ಸಲ ಸುಳ್ಳು ಹೇಳೈತಿ."

ಸುಳ್ಳು ಹೇಳಿದವಳು ಎದುರಿಗೇ ಕುಳಿತಿದ್ದೆ. ಬಾಯಿ ತೆರೆದೆ. ಹೊರಗೆ ಬಂದ ಮಾತು, "ಚಾ ಮಾಡ್ಲೇನು?"

"ಸಕ್ರಿ ಕಡಿಮಿ ಹಾಕು."

ಅದೇ ಕೊನೆಯ ಭೇಟಿ. ತಿಂಗಳೊಳಗೆ, ಕಿತ್ತೂರಿನ ಆಸ್ಪತ್ರೆಯೊಂದಕ್ಕೆ ಪಟ್ಟಿ ಕೊಟ್ಟು ಹೆದ್ದಾರಿ ದಾಟುವಾಗ ಲಾರಿ ಬಡಿದು ತೀರಿಕೊಂಡಳು.

ಅವಳ ಕೊನೆಯ ಲೇಖನ ಅಂಚೆಯಲ್ಲಿ ಬಂತು. ಕಾಲೇಜು ಓದಿದ ರೇಖಾ ಅದನ್ನು ಓದಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಒಂದು ಮನೆಯಲ್ಲಿ ಹಿರಿಯರೊಬ್ಬರು ಕೂಸಿನ ಮೂಗು ಒರೆಸಿ, ಬೆಳಕಿನಲ್ಲಿ ಒತ್ತಿ ನೋಡಿದರು; ಹಳದಿ ಕಾಣಲಿಲ್ಲ; ಎರಡು ದಿನದೊಳಗೆ ಆ ಕೂಸು ಕಾಮಣಿಯಿಂದ ತೀರಿಕೊಂಡಿತು; ಆದ್ದರಿಂದ ಕಣ್ಣಳತೆಯನ್ನು ನಂಬಬಾರದು ಎಂದು ಸುಮಿ ಬರೆದಿದ್ದಳು.

ರೇಖಾ ಓದುವುದನ್ನು ನಿಲ್ಲಿಸಿದಳು. ತಲೆ ಎತ್ತಿದಳು.

"ಅವ್ವಾ, ನಾ ದಿನಾಲೂ ಆ ಕೋಣ್ಯಾಗನ ಇದ್ದೆ. ನೀ ಯಾವಾಗ ಬಂದು ನೋಡಿದಿ?"

ಅವಳ ಕೈಯಿಂದ ಕಾಗದ ತೆಗೆದುಕೊಂಡು ಕೊನೆಯ ಹಾಳೆ ತಿರುವಿದೆ. ನನ್ನ ಹೆಸರು ಅಲ್ಲಿತ್ತು.