ರಾಜಕುಮಾರಿ ಕುದುರೆ ಹತ್ತುವ ಹೊತ್ತು

ಗಾಂಧಿ ಚೌಕದ ಹಿಂದಿನ ನಮ್ಮ ಓಣಿಯಲ್ಲಿ ಹುಡುಗಿಯರ ತಲೆ ಬಾಚುವ ಕೆಲಸವನ್ನು ಪಕ್ಕದ ಮನೆಯ ಕಾಕು ತಾನಾಗಿಯೇ ಹಚ್ಚಿಕೊಂಡಿದ್ದಳು. ಭಾನುವಾರ ಕಟ್ಟೆಯ ಮೇಲೆ ಕೂತು, ನಮ್ಮನ್ನು ಒಬ್ಬೊಬ್ಬರಾಗಿ ಮೊಣಕಾಲುಗಳ ನಡುವೆ ಹಿಡಿದು, ಎಣ್ಣೆ ಹಚ್ಚುತ್ತ ಕಥೆ ಹೇಳುತ್ತಿದ್ದಳು. ಕಥೆ ಯಾವಾಗಲೂ ಒಂದೇ. ರಾಜಕುಮಾರ ಬರುತ್ತಿದ್ದ, ರಾಜಕುಮಾರಿ ಅವನ ಕುದುರೆ ಹತ್ತುತ್ತಿದ್ದಳು. “ಮುಂದ ಎಲ್ಲಾ ಛಲೋ ಆತು” ಎಂದು ಕಾಕು ಜಡೆಗೆ ರಿಬ್ಬನ್ ಬಿಗಿಯುತ್ತಿದ್ದಳು.

ಒಂದು ಭಾನುವಾರ, ಬಿಜ್ಜರಗಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದ ಅವಳ ಮಗಳು ಬಂದು ಅದೇ ಕಟ್ಟೆಯ ಮೇಲೆ ಕೂತಳು. ಅವಳ ತಲೆ ಬಾಚುತ್ತಿದ್ದ ಕಾಕುವಿನ ಕೈ ನೆತ್ತಿಯ ಹತ್ತಿರ ನಿಂತಿತು. ಅಲ್ಲಿ ಅಂಗೈಯಗಲ ಕೂದಲು ಕಿತ್ತುಹೋಗಿ ಕೆಂಪಾಗಿತ್ತು.

“ಯವ್ವಾ, ನಾ ವಾಪಸ್ ಹೋಗಂಗಿಲ್ಲ” ಎಂದಳು ಮಗಳು.

ಕಾಕು ಉಳಿದ ಕೂದಲನ್ನು ಗಾಯದ ಮೇಲೆ ಎಳೆದು ಜಡೆ ಹಾಕಿ, ಹೂ ಮುಡಿಸಿದಳು. “ಮುಂದ ಎಲ್ಲಾ ಛಲೋ ಆಗ್ತೈತಿ” ಎಂದು ತಾನೇ ಬಸ್ಸು ಹತ್ತಿಸಿ ಬಂದಳು.

ಮಳೆಗಾಲಕ್ಕೆ ಮುಂಚೆಯೇ, ಮಗಳು ಬಾವಿಗೆ ಬಿದ್ದಳೆಂದು ಸುದ್ದಿ ಬಂತು.

ಎಷ್ಟೋ ತಿಂಗಳ ಮೇಲೆ ಕಾಕು ಮತ್ತೆ ಬಾಚಣಿಗೆ ಹಿಡಿದಳು. ಅವತ್ತು ಅವಳ ಮುಂದೆ ಕೂತವಳು ನಾನು. ಕಥೆಯಲ್ಲಿ ರಾಜಕುಮಾರ ಬಂದ.

“ಆಕಿ ಕುದರಿ ಹತ್ತಲಿಲ್ಲ. ಅವ್ವನ ಮನ್ಯಾಗ ಉಳದ್ಲು” ಎಂದಳು ಕಾಕು.

ನಾವೆಲ್ಲ ಗದ್ದಲ ಎಬ್ಬಿಸಿದೆವು. “ಹಂಗಲ್ಲ ಕಾಕು! ಹತ್ತಬೇಕು, ಹತ್ತಬೇಕು!”

ಜಡೆ ಮುಗಿದಿತ್ತು, ರಿಬ್ಬನ್ನೂ ಕಟ್ಟಿ ಆಗಿತ್ತು. ಆದರೂ ಕಾಕುವಿನ ಮೊಣಕಾಲುಗಳು ಬಿಗಿಯಾಗಿ, ನನ್ನನ್ನು ಏಳಗೊಡಲಿಲ್ಲ.

ಈಗ ನಾನು ನನ್ನ ಮಗಳ ತಲೆ ಬಾಚುತ್ತೇನೆ. ಅವಳಿಗೂ ಕಥೆ ಬೇಕು. ಕುದುರೆ ಬಾಗಿಲಿಗೆ ಬಂದು ನಿಲ್ಲುವ ಹೊತ್ತಿಗೆ ಅವಳು ಕೊಸರಾಡುತ್ತಾಳೆ.

“ಯವ್ವಾ, ಎಷ್ಟ್ ಬಿಗಿ ಹಿಡೀತಿ, ಬಿಡು ನನ್ನ!”